ಬಲಕ್ಕೆ ತಿರುಗೋವಾಗ ಮಿರರ್‌ನಲ್ಲಿ ಖಾಲಿ ಕಾಣ್ಸುತ್ತೆ, ಆಮೇಲೆ ಪಕ್ಕದಲ್ಲೇ ಗಾಡಿ! ಏನ್ ಮಾಡೋದು?

ಕ್ರಾಸ್ ರೋಡ್ ಹುಡುಗ

ಎಲ್ರಿಗೂ ನಮಸ್ಕಾರ. ಮನೆ ಹಳ್ಳೀಲಿ, ಕೆಲ್ಸ ಚನ್ನರಾಯಪಟ್ಟಣದಲ್ಲಿ, ದಿನಾ ಹೊಳೆನರಸೀಪುರ ರೋಡಲ್ಲೇ ಓಡಾಟ. ಮಧ್ಯ ಡಿವೈಡರ್ ಇಲ್ಲ, ಸಂಜೆ ವಾಪಸ್ ಬರೋವಾಗ ನಮ್ಮೂರ ಕ್ರಾಸು ಬಲಗಡೆ ಸಿಗುತ್ತೆ. ಇಂಡಿಕೇಟರ್ ಹಾಕಿ ಮಿರರ್ ನೋಡ್ತೀನಿ, ದೂರದಲ್ಲಿ ಏನೋ ಸಣ್ಣದಾಗಿ ಕಾಣುತ್ತೆ ಇಲ್ಲಾ ಏನೂ ಕಾಣಲ್ಲ, ಸರಿ ಅಂತ ಸ್ಲೋ ಮಾಡಿ ಹ್ಯಾಂಡಲ್ ತಿರುಗ್ಸೋ ಹೊತ್ತಿಗೆ ಬಲಗಡೆಯಿಂದ ಹಾರ್ನ್ ಹೊಡ್ಕೊಂಡು ಕಾರೋ ಬಸ್ಸೋ ಸುಯ್ ಅಂತ ಹೋಗುತ್ತೆ. ಎದೆ ಝಲ್ ಅನ್ನುತ್ತೆ.

ಗಾಡಿ 350 ಸಿಸಿ ಸಿಂಗಲ್ ಸಿಲಿಂಡರ್, ಹೊಸದು. ಮಿರರಲ್ಲಿ ಅರ್ಧ ನನ್ ಮೊಣಕೈನೇ ಕಾಣೋದು, 70 ದಾಟಿದ್ರೆ ಅದೂ ನಡುಗಿ ಮಸುಕಾಗುತ್ತೆ. ಒಬ್ರು ಹ್ಯಾಂಡಲ್ ತುದಿಗೆ ಹಾಕೋ ಬಾರ್ ಎಂಡ್ ಮಿರರ್ ಹಾಕ್ಸು ಅಂತಾರೆ, ಇನ್ನೊಬ್ರು ಮಿರರ್ ನಂಬ್ಬೇಡ ತಿರುಗಿ ನೋಡು ಅಂತಾರೆ, ತಿರುಗಿ ನೋಡಿದ್ರೆ ಗಾಡಿ ಆ ಕಡೆಗೇ ಎಳೆಯುತ್ತೆ. ಗೊತ್ತಿರೋರು ದಯವಿಟ್ಟು ಹೇಳಿ, ನಮ್ಮ ಕ್ರಾಸಲ್ಲಿ ಹಿಂಗೆ ತಿರುಗೋವಾಗ್ಲೇ ಆಕ್ಸಿಡೆಂಟ್ ಆಗಿರೋದನ್ನ ನೋಡಿದೀನಿ.

ಸ್ಪ್ಯಾನರ್ ಹಾಸನ

ಮೊದ್ಲು ಇರೋ ಮಿರರ್ ಸರಿಯಾಗಿ ಸೆಟ್ ಮಾಡ್ಕೊಳಿ ಗುರು, ಹೊಸ ಮಿರರ್ ಮಾತು ಆಮೇಲೆ. ಗಾಡಿ ಡೆಲಿವರಿ ಟೈಮಲ್ಲಿ ಸುಮ್ನೆ ಟೈಟ್ ಮಾಡಿ ಕಳಿಸಿರ್ತಾರೆ, ನಿಮ್ ಎತ್ತರಕ್ಕೆ ಯಾರೂ ನೋಡಿರಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಲ್ಲಾಂದ್ರೆ ಒಬ್ರು ಗಾಡೀನ ನೆಟ್ಟಗೆ ಹಿಡ್ಕೊಳ್ಳಿ, ಸೈಡ್ ಸ್ಟ್ಯಾಂಡಲ್ಲಿ ಗಾಡಿ ವಾಲಿರುತ್ತಲ್ಲ ಆಗ ಮಾಡಿದ ಸೆಟ್ಟಿಂಗ್ ಎಲ್ಲಾ ಸುಳ್ಳು. ದಿನಾ ಹಾಕೋ ಹೆಲ್ಮೆಟ್ಟು, ಜಾಕೆಟ್ಟು, ಬೆನ್ನಿಗೆ ಬ್ಯಾಗು ಎಲ್ಲಾ ಹಾಕ್ಕೊಂಡೇ ಕೂತ್ಕೊಳಿ. ಕನ್ನಡಿಯ ಒಳಗಂಚಲ್ಲಿ ಮೊಣಕೈ ಚೂರೇ ಚೂರು ಕಾಣ್ಬೇಕು, ಹಿಂದಿನ ರೋಡು ಆಕಾಶಕ್ಕೆ ಸೇರೋ ಗೆರೆ ಸುಮಾರು ಮಧ್ಯಕ್ಕೆ ಬರ್ಬೇಕು. ಅರ್ಧ ಮೊಣಕೈ ಕಾಣ್ತಿದೆ ಅಂದ್ರೆ ಕನ್ನಡಿ ಒಳಕ್ಕೆ ತಿರುಗಿದೆ ಅಥವಾ ಕಡ್ಡಿ ಗಿಡ್ಡ ಇದೆ. ಮೊದಲ್ನೇದಾದ್ರೆ ಕೈಲೇ ಸರಿ ಹೋಗುತ್ತೆ, ಎರಡ್ನೇದಾದ್ರೆ ಎಕ್ಸ್‌ಟೆಂಡರ್ ಸಿಗುತ್ತೆ, ಹೊರಕ್ಕೆ ಒಂದೆರಡು ಇಂಚು ಸರಿದ್ರೂ ಬೇಕಾದಷ್ಟು ವ್ಯತ್ಯಾಸ.

ಇನ್ನೊಂದು ಕೆಲ್ಸ ಮಾಡಿ, ಇದನ್ನ ಮನೆ ಮುಂದೇನೇ ಮಾಡ್ಬೋದು. ಸ್ನೇಹಿತನ್ನ ಗಾಡಿ ಹಿಂದೆ ದೂರ ನಿಲ್ಸಿ, ಓವರ್‌ಟೇಕ್ ಮಾಡೋ ಗಾಡಿ ಬರೋ ದಾರೀಲೇ ಬಲಗಡೆಯಿಂದ ನಿಧಾನಕ್ಕೆ ನಡ್ಕೊಂಡು ಬಾ ಅನ್ನಿ. ನೀವು ತಲೆ ಅಲ್ಲಾಡಿಸ್ದೆ ಕನ್ನಡೀಲೇ ನೋಡ್ತಿರಿ. ಒಂದು ಜಾಗದಲ್ಲಿ ಅವ್ನು ಕನ್ನಡಿಯಿಂದ ಮಾಯ ಆಗ್ತಾನೆ, ಆದ್ರೆ ಓರೆಗಣ್ಣಿಗೂ ಇನ್ನೂ ಬಿದ್ದಿರಲ್ಲ. ಅಲ್ಲೇ ನಿಲ್ಲು ಅನ್ನಿ, ಈಗ ತಿರುಗಿ ನೋಡಿ. ಅವ್ನು ನಿಂತಿರೋ ಜಾಗದಲ್ಲಿ ಒಂದು ಬೈಕು ಆರಾಮಾಗಿ ನಿಲ್ಲುತ್ತೆ. ಅದೇ ಬ್ಲೈಂಡ್ ಸ್ಪಾಟು. ಯಾವ ಕಂಪನಿ ಮಿರರ್ ಹಾಕ್ಸಿದ್ರೂ ಅದು ಚಿಕ್ಕದಾಗುತ್ತೆ ಅಷ್ಟೆ, ಪೂರ್ತಿ ಹೋಗಲ್ಲ.

ದೂರದಲ್ಲಿ ಏನೋ ಸಣ್ಣದಾಗಿ ಕಾಣುತ್ತೆ ಅಂದ್ರಲ್ಲ, ನಿಜವಾದ ಅಪಾಯ ಅದ್ರಲ್ಲೇ ಇರೋದು. ನಮ್ಮ ಬೈಕ್ ಮಿರರ್‌ಗಳು ಹೆಚ್ಚಿನವು ಉಬ್ಬುಗನ್ನಡಿ, ಜಾಸ್ತಿ ಜಾಗ ತೋರ್ಸುತ್ತೆ ಆದ್ರೆ ಎಲ್ಲಾ ಇರೋದಕ್ಕಿಂತ ಚಿಕ್ಕದಾಗಿ, ದೂರ ಇರೋ ಹಾಗೆ ಕಾಣುತ್ತೆ. ಲೆಕ್ಕ ಹಾಕಿ ನೋಡಿ, ಬಸ್ಸು 80ರಲ್ಲಿ ಬರ್ತಿದೆ, ನೀವು ತಿರುಗೋಕೆ ಅಂತ 20ಕ್ಕೆ ಇಳಿಸಿದೀರ, ವ್ಯತ್ಯಾಸ 60, ಅಂದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. 70 ಮೀಟರ್ ಹಿಂದೆ ಇದ್ದ ಬಸ್ಸು ನಾಲ್ಕು ಸೆಕೆಂಡಲ್ಲಿ ನಿಮ್ಮ ಪಕ್ಕ. ಮಿರರ್ ನೋಡಿ, ಇಂಡಿಕೇಟರ್ ಹಾಕಿ, ಗೇರ್ ಇಳಿಸೋಷ್ಟರಲ್ಲಿ ನಾಲ್ಕು ಸೆಕೆಂಡ್ ಆಗೇ ಹೋಗಿರುತ್ತೆ, ನೀವು ನೋಡಿದ್ದು ಹಳೇ ಸುದ್ದಿ. ಅದಕ್ಕೇ ಒಂದು ಸಲ ಅಲ್ಲ, ಕನಿಷ್ಠ ಎರಡು ಮೂರು ಸಲ ನೋಡಿ, ಆ ಸಣ್ಣ ಚುಕ್ಕೆ ದೊಡ್ಡದಾಗ್ತಿದೆಯಾ ಅಷ್ಟೇ ಇದೆಯಾ ಗಮನಿಸಿ. ಕಡೇಲಿ ಹ್ಯಾಂಡಲ್ ತಿರುಗ್ಸೋಕೆ ಮುಂಚೆ ಬಲ ಭುಜದ ಮೇಲಿಂದ ಒಂದು ನೋಟ. ಇಂಗ್ಲೆಂಡಲ್ಲಿ ಬೈಕ್ ಕಲಿಸೋರು ಈ ಕಡೇ ನೋಟಕ್ಕೆ ಲೈಫ್‌ಸೇವರ್ ಅಂತಾನೇ ಹೇಳೋದು, ಅಲ್ಲೂ ನಮ್ ಥರ ಎಡಗಡೆ ಓಡ್ಸೋದಲ್ವಾ, ಬಲಕ್ಕೆ ತಿರುಗೋವಾಗಿನ ಭಯ ಅಲ್ಲೂ ಇದೇ.

ನಡುಗೋದಕ್ಕೆ: ಮಿರರ್ ಬುಡದ ಲಾಕ್ ನಟ್ ಮೊದ್ಲು ನೋಡಿ, ಹ್ಯಾಂಡಲ್ ತುದಿಯ ವೆಯ್ಟ್ ಇದೆಯಾ ಲೂಸಾಗಿದೆಯಾ ನೋಡಿ, ಎಂಜಿನ್ ಮೌಂಟಿಂಗ್ ಬೋಲ್ಟ್ ಸರ್ವೀಸಲ್ಲಿ ಚೆಕ್ ಮಾಡ್ಸಿ. ಸಿಂಗಲ್ ಸಿಲಿಂಡರ್ ಅಂದ್ಮೇಲೆ ಸ್ವಲ್ಪ ನಡುಕ ಇದ್ದೇ ಇರುತ್ತೆ, ಆದ್ರೆ ಅದು ಒಂದು ಆರ್‌ಪಿಎಮ್ಮಲ್ಲಿ ಮಾತ್ರ ಜಾಸ್ತಿ. ನೋಡೋ ಆ ಕ್ಷಣಕ್ಕೆ ಥ್ರಾಟಲ್ ಚೂರು ಬಿಟ್ರೆ ಚಿತ್ರ ನಿಲ್ಲುತ್ತೆ. ಬಾರ್ ಎಂಡ್ ಮಿರರಲ್ಲಿ ಮೊಣಕೈ ಅಡ್ಡ ಬರಲ್ಲ ನಿಜ, ಆದ್ರೆ ಗಾಡಿ ಅಗಲ ಆಗುತ್ತೆ, ಸಂತೇಲಿ ಜನಕ್ಕೆ ತಾಗುತ್ತೆ, ನೋಡೋಕೆ ಕಣ್ಣು ರೋಡಿಂದ ಕೆಳಕ್ಕೆ ಇಳೀಬೇಕು. ನಾನಾದ್ರೆ ಹಾಕ್ಸಲ್ಲ.

ಧಾರವಾಡ ಗಾಡಿ

ಹಾಸನದವ್ರು ಹೇಳಿದ್ದು ಖರೇ ಐತಿ. ನಾ ಇನ್ನೊಂದ್ ಹೇಳ್ತೀನ್ರಿ, ಅಂಥಾ ಕ್ರಾಸಿನ್ಯಾಗ ಹಿಂದ ಗಾಡಿ ಜೋರ್ ಬರಾಕತ್ತಿದ್ರ ಬಲಕ್ಕ ಹೊಳ್ಳೂದ ಬ್ಯಾಡ. ಎಡಕ್ಕ ಸರದು, ರೋಡ್ ಬಿಟ್ಟು ಮಣ್ಣಿನ್ಯಾಗ ನಿಂದ್ರಿ, ಎರಡೂ ಕಡೆ ನೋಡ್ರಿ, ಖಾಲಿ ಆದ ಮ್ಯಾಲೆ ಸೀದಾ ದಾಟ್ರಿ. ಅರ್ಧ ನಿಮಿಷ ಹೋಗ್ತೈತಿ ಅಷ್ಟ. ನಮ್ ಕಡೆ ಸವದತ್ತಿ ರೋಡಿನ್ಯಾಗ ಕಬ್ಬಿನ ಸೀಜನ್ ಬಂತಂದ್ರ ಟ್ರ್ಯಾಕ್ಟರ್ ಸಾಲ ಇರ್ತಾವು, ಒಂದೊಂದಕ್ಕ ಎರಡೆರಡು ಟ್ರೇಲರ್, ಅದ್ರ ಹಿಂದಿದ್ದ ಕಾರಿನವಗ ನೀವು ಕಾಣೂದ ಇಲ್ಲ. ನಿಮ್ಮ ಮಿರರಿನ್ಯಾಗ ಟ್ರ್ಯಾಕ್ಟರ್ ಸಾವಕಾಶ ಬರೂದು ಕಾಣತೈತಿ, ಟೈಮ್ ಐತಿ ಅಂತ ನೀವು ಹೊಳ್ಳತೀರಿ, ಅದ ಹೊತ್ತಿಗೆ ಕಾರಿನವ ಟ್ರ್ಯಾಕ್ಟರ್ ದಾಟಾಕ ಬಲಕ್ಕ ಬಂದಿರ್ತಾನ. ಹಿಂದ ದೊಡ್ಡ ಗಾಡಿ ಕಂಡ್ರ ಅದ್ರ ಬೆನ್ನಿಗೆ ಇನ್ನೊಂದ್ ಐತಿ ಅಂತ ತಿಳ್ಕೊಂಡ ಬಿಡ್ರಿ.

ರಾತ್ರಿ ಅಂತೂ ಮಿರರಿನ್ಯಾಗ ಒಂದ ಲೈಟ್ ಕಂಡ್ರ ಬೈಕ್ ಅಂತ ತಿಳೀಬ್ಯಾಡ್ರಿ. ಒಂದ್ ಹೆಡ್‌ಲೈಟ್ ಹೋಗಿರೋ ಲಾರಿನೂ ಇರಬಹುದು, ಅದು ಯಾವ ಬದಿ ಲೈಟ್ ಅಂತ ಗೊತ್ತಾಗೂದಿಲ್ಲ.

ಸ್ಕೂಟಿ ಸವಾರಿಣಿ

ನಾನು ಬೆಂಗಳೂರು, ಔಟರ್ ರಿಂಗ್ ರೋಡಲ್ಲಿ ಆಫೀಸಿಗೆ ಸ್ಕೂಟರ್. ನಿಮ್ಗೆ ಬಲಗಡೆ ಭಯ, ನಮ್ಗಿಲ್ಲಿ ಎಡಗಡೆ. ಫುಟ್‌ಪಾತಿಗೂ ನನ್ ಗಾಡಿಗೂ ಮಧ್ಯ ಒಂದಡಿ ಜಾಗ ಇದ್ರೂ ಅದ್ರಲ್ಲಿ ಡೆಲಿವರಿ ಬೈಕ್ ತೂರುತ್ತೆ, ಹಾಗಾಗಿ ಸರ್ವೀಸ್ ರೋಡಿಗೆ ಎಡಕ್ಕೆ ತಗೊಳೋಕೆ ಮುಂಚೆ ಎಡ ಭುಜದ ಮೇಲೂ ನೋಡ್ಲೇಬೇಕು. ಎಡಗಡೆ ಮಿರರ್ ಬಿಚ್ಚಿಟ್ಟು ಓಡ್ಸೋರನ್ನ ನೋಡಿದ್ರೆ ನಂಗೆ ಸಿಟ್ಟೇ ಬರುತ್ತೆ, ಗ್ಯಾಪಲ್ಲಿ ನುಗ್ಗೋಕೆ ಅಡ್ಡ ಅಂತೆ! ಇನ್ನು ಕೆಲವ್ರು ಒಳಕ್ಕೆ ಮಡಚಿ ಮುಖ ನೋಡ್ಕೊಳೋಕೆ ಇಟ್ಕೊಂಡಿರ್ತಾರೆ. ಅವ್ರು ಸಡನ್ನಾಗಿ ಸರಿದಾಗ ಬೀಳೋದು ಹಿಂದಿರೋ ನಾವು.

ತಿರುಗಿ ನೋಡಿದ್ರೆ ಗಾಡಿ ಎಳೆಯುತ್ತೆ ಅಂದ್ರಲ್ಲ, ಅದು ಭುಜ ಸಮೇತ ತಿರುಗೋದ್ರಿಂದ. ಭುಜ ತಿರುಗಿದ್ರೆ ಕೈ ಹ್ಯಾಂಡಲನ್ನ ಎಳೆಯುತ್ತೆ. ಗದ್ದ ಮಾತ್ರ ಭುಜದ ಕಡೆ ತಗೊಂಡ್ಹೋಗಿ, ಮೊಣಕೈ ಬಿಗಿ ಹಿಡೀಬೇಡಿ, ಮೊಣಕಾಲಲ್ಲಿ ಟ್ಯಾಂಕ್ ಒತ್ತಿ ಹಿಡ್ಕೊಳಿ (ನಮ್ ಸ್ಕೂಟರಿಗೆ ಆ ಭಾಗ್ಯ ಇಲ್ಲ). ನಂಗೆ ನಮ್ಮಣ್ಣ ಹೇಳ್ಕೊಟ್ಟಿದ್ದು ಹೀಗೆ, ಭಾನುವಾರ ಖಾಲಿ ಮೈದಾನದಲ್ಲಿ ಸುಣ್ಣದ ಗೆರೆ ಮೇಲೆ ನಿಧಾನಕ್ಕೆ ಓಡ್ಸೋದು, ಅವ್ನು ಹಿಂದೆ ನಿಂತು ಬೆರಳು ತೋರ್ಸೋದು, ನಾನು ಗೆರೆ ಬಿಡ್ದೆ ತಿರುಗಿ ನೋಡಿ ಎಷ್ಟು ಬೆರಳು ಅಂತ ಕೂಗಿ ಹೇಳೋದು. ಬೆರಳು ಎಣಿಸ್ಬೇಕು ಅಂದ್ರೆ ಕಣ್ಣು ಒಂದು ಕ್ಷಣ ನಿಲ್ಲಲೇಬೇಕು, ಸುಮ್ನೆ ತಲೆ ಆಡಿಸಿದ್ರೆ ಏನೂ ಕಾಣಲ್ಲ. ರೋಡಲ್ಲಿ ಬಹಳ ಜನ ತಲೆ ಆಡಿಸ್ತಾರೆ ಆದ್ರೆ ನೋಡಿರಲ್ಲ.

ಮತ್ತೆ ಮುಂದೆ ಖಾಲಿ ಇರೋದನ್ನ ಖಾತ್ರಿ ಮಾಡ್ಕೊಂಡೇ ಹಿಂದೆ ನೋಡಿ, 60ರಲ್ಲಿ ಒಂದು ಸೆಕೆಂಡಿಗೆ 16, 17 ಮೀಟರ್ ಹೋಗಿರ್ತೀರ. ಹಂಪ್ ಬಂದ್ರೂ ಬ್ರೇಕ್ ಹಿಡಿಯೋಕೆ ಮುಂಚೆ ಮಿರರ್ ನೋಡೋ ಅಭ್ಯಾಸ ಮಾಡ್ಕೊಳಿ, ಹಿಂದಿನವ್ನಿಗೆ ಹಂಪ್ ಕಾಣದೇ ಇರ್ಬೋದು. ಸಿಗ್ನಲಲ್ಲಿ ನಿಂತಾಗ್ಲೂ ಅಷ್ಟೆ, ಹಿಂದೆ ಒಂದು ಗಾಡಿ ಬಂದು ಪೂರ್ತಿ ನಿಲ್ಲೋವರ್ಗೂ ನಾನು ನ್ಯೂಟ್ರಲ್ ಅನ್ನೋ ಥರ ಆರಾಮಾಗಿ ಕೂರಲ್ಲ, ಬ್ರೇಕ್ ಒತ್ತಿ ಬಿಟ್ಟು ಲೈಟ್ ಮಿನುಗಿಸ್ತೀನಿ, ಮುಂದಿನ ಕಾರಿನ ಪಕ್ಕಕ್ಕೆ ಜಾರೋ ಜಾಗ ಇಟ್ಕೊಂಡೇ ನಿಲ್ತೀನಿ.

ಕ್ರಾಸ್ ರೋಡ್ ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಿರರ್ ಸೆಟ್ ಮಾಡ್ದೆ, ಈಗ ಮೊಣಕೈ ಒಂಚೂರೇ ಕಾಣೋದು. ಸ್ನೇಹಿತನ್ನ ನಡೆಸಿ ನೋಡ್ದೆ, ಅವ್ನು ಮಾಯ ಆಗಿದ್ದು ಎಷ್ಟು ಹತ್ರ ಅಂದ್ರೆ ಕೈ ಚಾಚಿದ್ರೆ ಸಿಗೋಷ್ಟು, ನಂಬೋಕಾಗ್ಲಿಲ್ಲ. ಒಂದು ಡೌಟು, ಎಡಕ್ಕೆ ನಿಂತು ದಾಟಿ ಅಂದ್ರಲ್ಲ, ಲೈಸೆನ್ಸ್ ಟೆಸ್ಟಿಗೆ ಓದೋವಾಗ ಬಲಕ್ಕೆ ತಿರುಗೋಕೆ ರೋಡ್ ಮಧ್ಯಕ್ಕೆ ಬರ್ಬೇಕು ಅಂತ ಇತ್ತು?

ರೂಲ್ ಬುಕ್

ನೀವು ಓದಿದ್ದು ಸರಿ. ಬಲಕ್ಕೆ ತಿರುಗೋರು ಆದಷ್ಟು ರಸ್ತೆ ಮಧ್ಯದ ಗೆರೆ ಹತ್ರ ಬರ್ಬೇಕು, ಹಾಗೆ ಸಿಗ್ನಲ್ ಕೊಟ್ಟು ಮಧ್ಯಕ್ಕೆ ಬಂದಿರೋ ಗಾಡೀನ ಹಿಂದಿನವ್ರು ಎಡಗಡೆಯಿಂದ ದಾಟ್ಬೋದು ಅಂತ ನಿಯಮದಲ್ಲೇ ಇದೆ. ಊರೊಳಗೆ, ಗಾಡಿ ನಿಧಾನ ಇರೋ ಕಡೆ ಹಾಗೇ ಮಾಡಿ. ಆದ್ರೆ ಮಧ್ಯಕ್ಕೆ ಬರೋದೂ ಒಂದು ಸರಿಯೋದೇ, ಅದಕ್ಕೂ ಮುಂಚೆ ಮಿರರ್, ಇಂಡಿಕೇಟರ್, ಭುಜದ ನೋಟ ಎಲ್ಲಾ ಬೇಕು, ಬಹಳ ಜನ ತಿರುಗೋವಾಗ ಮಾತ್ರ ನೋಡ್ತಾರೆ, ಮಧ್ಯಕ್ಕೆ ಸರಿಯೋವಾಗ ನೋಡಲ್ಲ. ಮಧ್ಯ ನಿಂತ್ಮೇಲೆ ಎದುರಿನ ಗಾಡಿಗೆ ಕಾಯ್ಬೇಕಾಗಿ ಬಂದ್ರೆ ಹಿಂದೆ ಮುಂದೆ ಎರಡೂ ಕಡೆ ವೇಗದ ಗಾಡಿ, ನಡುವೆ ನೀವು. ಹಾಗಾಗಿ ಬಯಲು ರೋಡಲ್ಲಿ ಹಿಂದೆ ಗಾಡಿ ಇದ್ರೆ ಧಾರವಾಡದವ್ರ ಮಾತೇ ಸರಿ, ಎಡಕ್ಕೆ ನಿಂತು ದಾಟೋದನ್ನ ಯಾವ ನಿಯಮಾನೂ ಬೇಡ ಅನ್ನಲ್ಲ. ಹಿಂದೆ ನಿಜವಾಗ್ಲೂ ಖಾಲಿ ಇದ್ರೆ ಮಾತ್ರ ಮಧ್ಯಕ್ಕೆ ಬಂದು ತಿರುಗಿ.

ಮಿರರ್ ಬಿಚ್ಚೋರಿಗೂ ಒಂದು ಮಾತು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹಿಂದೆ ಕಾಣೋ ಕನ್ನಡಿ ಇರ್ಲೇಬೇಕು ಅಂತ ಇದೆ, ಪೊಲೀಸ್ರು ಹಿಡಿದ್ರೆ ಫೈನ್ ಕಟ್ಟೋದೇ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಲಿ 2023ರ ಆಗಸ್ಟ್ 1ರಿಂದ ಬೈಕ್ ಬಿಡಲ್ಲ, ಎಲ್ರೂ ಸರ್ವೀಸ್ ರೋಡಲ್ಲೇ ಹೋಗೋದು. ಅಲ್ಲಿ ಮೇನ್ ರೋಡಿಂದ ಇಳಿಯೋ ಕಾರುಗಳು ಅದೇ ಸ್ಪೀಡಲ್ಲಿ ಹಿಂದಿಂದ ಬಂದು ಸೇರ್ತವೆ, ಆ ಜಾಗಗಳಲ್ಲಿ ಎಕ್ಸಿಟ್ ಕಾಣಿಸ್ದ ತಕ್ಷಣ ಮಿರರ್ ಮೇಲೆ ಕಣ್ಣಿರ್ಲಿ.

ಕುಡ್ಲ ಮಳೆ

ಮಳೆ ಬಗ್ಗೆ ಯಾರೂ ಹೇಳ್ಲಿಲ್ಲ ಅಲ್ವಾ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಮಿರರ್ ತುಂಬಾ ನೀರಿನ ಹನಿಯೇ, ಕಾರು ಉಂಟಾ ಇಲ್ವಾ ಗೊತ್ತಾಗುದಿಲ್ಲ. ಕಾರಿನ ಗಾಜಿಗೆ ಹಾಕುವ ನೀರು ಜಾರಿಸುವ ಲಿಕ್ವಿಡ್ ಮಿರರಿಗೂ ಹಾಕಿ, ಜೇಬಲ್ಲಿ ಒಂದು ಬಟ್ಟೆ ಇಟ್ಕೊಳ್ಳಿ, ನಿಂತಾಗೆಲ್ಲ ಒರೆಸಿ. ಅದಕ್ಕಿಂತ ದೊಡ್ಡ ತೊಂದ್ರೆ ರೈನ್‌ಕೋಟಿನ ಟೊಪ್ಪಿ. ಅದನ್ನು ಹೆಲ್ಮೆಟ್ ಒಳಗೆ ಹಾಕಿದ್ರೆ ಕುತ್ತಿಗೆ ತಿರುಗುದೇ ಇಲ್ಲ ಮಾರಾಯ್ರೆ, ತಲೆ ತಿರುಗಿಸಿದ್ರೆ ಟೊಪ್ಪಿಯ ಅಂಚೇ ಕಣ್ಣಿಗೆ ಅಡ್ಡ. ಟೊಪ್ಪಿ ಒಳಗೆ ಮಡಚಿ ಹಾಕಿ, ತಲೆ ಒದ್ದೆ ಆದ್ರೆ ಆಗ್ಲಿ. ಹಿಂದೆ ಕೂತವರು ಕೊಡೆ ಬಿಡಿಸಿದ್ರೆ ಅಂತೂ ಮುಗೀತು, ಎರಡೂ ಮಿರರಲ್ಲಿ ಕೊಡೆ ಮಾತ್ರ, ಗಾಳಿಗೆ ಬ್ಯಾಲೆನ್ಸೂ ಹೋಗ್ತದೆ.

ಮತ್ತೆ ಬಸ್. ಒಂದು ಬಸ್ ನಿಮ್ಮನ್ನು ದಾಟಿ ಮುಂದೆ ಸ್ಟಾಪಲ್ಲಿ ನಿಲ್ತದೆ, ನೀವು ಅದನ್ನು ದಾಟ್ಲಿಕ್ಕೆ ಬಲಕ್ಕೆ ಬರ್ತೀರಿ. ಬರುವ ಮೊದಲು ಹಿಂದೆ ನೋಡಿ, ಅದರ ಟೈಮಿಂಗ್ ಹಿಡಿಲಿಕ್ಕೆ ಇನ್ನೊಂದು ಬಸ್ ಹಿಂದೆಯೇ ಉಂಟು.

ಕ್ರಾಸ್ ರೋಡ್ ಹುಡುಗ

ಈ ಕೊಡೆ ವಿಷ್ಯ ನಮ್ಮಮ್ಮನಿಗೆ ಓದಿ ಹೇಳ್ದೆ, ಇನ್ಮೇಲೆ ರೈನ್‌ಕೋಟೇ ಹಾಕ್ಕೋತೀನಿ ಅಂದ್ರು. ಸ್ಪ್ಯಾನರ್ ಅಣ್ಣ, ಕಡೇದೊಂದು, ತಮ್ಮನ ಯಮಹಾದ ಬಲಗಡೆ ಮಿರರ್ ಬಿಚ್ಚೋಕೆ ಹೋದ್ರೆ ಬರ್ತಾನೇ ಇಲ್ಲ, ತಿರುಗ್ಸಿದಷ್ಟೂ ಟೈಟ್ ಆಗ್ತಿದೆ.

ಸ್ಪ್ಯಾನರ್ ಹಾಸನ

ನಿಲ್ಸಿ ನಿಲ್ಸಿ, ಥ್ರೆಡ್ ಹೋಗ್ಬಿಡುತ್ತೆ! ಯಮಹಾ ಬೈಕಲ್ಲಿ ಬಲಗಡೆದು ಉಲ್ಟಾ ಥ್ರೆಡ್ ಬರುತ್ತೆ, ಏನಾದ್ರೂ ಮುಂದಿಂದ ತಾಗಿದ್ರೆ ಮುರಿಯೋ ಬದ್ಲು ಲೂಸಾಗಿ ತಿರುಗ್ಲಿ ಅಂತ ಹಂಗಿರೋದು. ಬಿಚ್ಚೋಕೆ ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೇ ತಿರುಗ್ಸಿ. ಹೊಸ ಮಿರರ್ ತಗೊಳೋವಾಗ ಅಂಗಡೀಲಿ ಬಲಗಡೆದು ಉಲ್ಟಾ ಥ್ರೆಡ್ಡು ಅಂತ ಹೇಳೇ ತಗೊಳ್ಳಿ, ಇಲ್ಲಾಂದ್ರೆ ಅಡಾಪ್ಟರ್ ಕೇಳಿ, 10 ಎಂಎಂದು ಸಿಗುತ್ತೆ. ಹಾಕಿದ್ಮೇಲೆ ಲಾಕ್ ನಟ್ ಟೈಟ್ ಮಾಡಿ, ಆಮೇಲೆ ತಮ್ಮನ್ನ ಕೂರ್ಸಿ ಅವ್ನ ಎತ್ತರಕ್ಕೆ ಸೆಟ್ ಮಾಡಿ, ನಿಮ್ಮ ಎತ್ತರಕ್ಕಲ್ಲ.