ಅಪ್‌ಡೇಟ್: ಮಳೆಕಾಡಿನಲ್ಲಿ ಲೆನ್ಸ್ ಮಂಜಾಗುವ ಸಮಸ್ಯೆ ಬಗೆಹರಿಯಿತು
ಹೋದ ವಾರ ಕೇಳಿದ್ದೆನಲ್ಲ, ಮಕ್ಕಳಿಗೆ ಪಾಠ ಮಾಡಲು ಫೋಟೋ, ಟಿಪ್ಪಣಿ ಬೇಕೆಂದು ಕೋಸ್ಟರಿಕಾದ ಲಾ ಸೆಲ್ವಾ ಎಂಬ ಮಳೆಕಾಡಿನ ಸಂಶೋಧನಾ ಕೇಂದ್ರಕ್ಕೆ ಬಂದಿದ್ದೇನೆ, ಎಸಿ ರೂಮಿನಿಂದ ಹೊರಬಂದ ಕೂಡಲೇ ಲೆನ್ಸ್ ಮಂಜಾಗುತ್ತದೆ ಅಂತ.

ತೇವ ಹೀರಲಿ ಅಂತ ಕ್ಯಾಮೆರಾವನ್ನು ಅಕ್ಕಿಯ ಡಬ್ಬದಲ್ಲಿಟ್ಟು ನೋಡಿದೆ, ಪ್ರಯೋಜನ ಆಗಲಿಲ್ಲ. ಬರೀ ಧೂಳು. ಕ್ಯಾಮೆರಾವನ್ನು ರೂಮಿನಲ್ಲೇ ಜಿಪ್ ಕವರಿಗೆ ಹಾಕಿ, ಹೊರಗೆ ಅರ್ಧ ಗಂಟೆ ಬಿಟ್ಟು ತೆಗೆಯಿರಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಒಂದು ಹನಿಯೂ ಕೂರಲಿಲ್ಲ! ಪೆನ್ ಬಿಟ್ಟು ಪೆನ್ಸಿಲ್ ಹಿಡಿದದ್ದೂ ಒಳ್ಳೆಯದಾಯಿತು. ಇಲ್ಲಿ ವರ್ಷಕ್ಕೆ ಸುಮಾರು 4 ಮೀಟರ್ ಮಳೆ, ಶಾಯಿ ನಿಲ್ಲುವುದಿಲ್ಲ.

ಎಲೆ ಕತ್ತರಿಸುವ ಇರುವೆಗಳು ಹಸಿರು ಚೂರುಗಳನ್ನು ತಲೆ ಮೇಲೆತ್ತಿ ಸಾಲಾಗಿ ಹೋಗುತ್ತಿದ್ದವು. ಎಲೆ ತಿನ್ನುತ್ತವೆ ಅಂದುಕೊಂಡಿದ್ದೆ. ಅಲ್ಲ, ಅದರ ಮೇಲೆ ಶಿಲೀಂಧ್ರ ಬೆಳೆಸಿ ಅದನ್ನು ತಿನ್ನುತ್ತವೆ! ಹೊಸ ಗೂಡು ಕಟ್ಟಲು ಹೊರಡುವ ರಾಣಿ ಬಾಯಲ್ಲೇ ಆ ಶಿಲೀಂಧ್ರದ ಚೂರು ಒಯ್ಯುತ್ತದಂತೆ. ಮೊದಲ ಪಾಠ ಇದೇ.