ಹಾರ್ಡ್‌ವೇರ್ ಸ್ಯಾಂಪ್ಲರ್ ಜೊತೆ ಯಾವ ಆಡಿಯೊ ಎಡಿಟರ್ ಇಟ್ಟುಕೊಳ್ಳಬೇಕು?

ಪ್ರಶ್ನೆ:
ನಮಸ್ಕಾರ ಸರ್. ಈಚೆಗೆ ಎಲೆಕ್ಟ್ರಾನ್ ಕಂಪನಿಯ ಡಿಜಿಟಾಕ್ಟ್ ಸ್ಯಾಂಪ್ಲರ್ (ರೆಕಾರ್ಡ್ ಮಾಡಿದ ಸದ್ದುಗಳನ್ನು ತುಂಬಿಕೊಂಡು ನುಡಿಸುವ ಯಂತ್ರ) ತೆಗೆದುಕೊಂಡೆ, ಮೊದಲನೇ ಮಾಡೆಲ್. ಬೀಟ್ ಎಲ್ಲ ಅದರಲ್ಲೇ ಕಟ್ಟುತ್ತೇನೆ. ರೆಕಾರ್ಡ್ ಮಾಡಿದ ಸದ್ದುಗಳನ್ನು ಕತ್ತರಿಸಿ, ಸರಿಮಾಡಿ, ಸ್ಯಾಂಪ್ಲರ್‌ಗೆ ಹಾಕುವುದಕ್ಕೆ ಮಾತ್ರ ಕಂಪ್ಯೂಟರ್ ಬೇಕು. ಒಬ್ಬರು ಏಬಲ್ಟನ್ ಲೈವ್ ಕಲಿಯಿರಿ ಅಂತಾರೆ. ಇನ್ನೊಬ್ಬರು ಆಡಾಸಿಟಿ ಸಾಕು ಅಂತಾರೆ. ಸೌಂಡ್ ಫೋರ್ಜ್ ಇಲ್ಲದೆ ಕೆಲಸ ಆಗಲ್ಲ ಅನ್ನುವವರೂ ಇದ್ದಾರೆ. ನನ್ನದು ಹಳೆಯ ವಿಂಡೋಸ್ ಲ್ಯಾಪ್‌ಟಾಪ್. ಯಾವುದನ್ನು ಹಿಡಿಯಲಿ?

ಉತ್ತರ:
ನಮಸ್ಕಾರ. ಸಾಫ್ಟ್‌ವೇರ್ ಹೆಸರು ಆಮೇಲೆ ನೋಡೋಣ. ಮೊದಲು ನಿಮ್ಮ ಸ್ಯಾಂಪ್ಲರ್‌ಗೆ ಎಂಥ ಫೈಲ್ ಬೇಕು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ನಿಮ್ಮ ಡಿಜಿಟಾಕ್ಟ್ ಕೆಲಸ ಮಾಡುವುದು 16 ಬಿಟ್, 48 ಕಿಲೋಹರ್ಟ್ಸ್, ಮೊನೊದಲ್ಲಿ. ಅಂದರೆ ಒಂದೇ ಚಾನೆಲ್, ಸೆಕೆಂಡಿಗೆ ಸದ್ದಿನ 48,000 ಅಳತೆ (ಈ ಒಂದೊಂದು ಅಳತೆಯನ್ನೂ ಸ್ಯಾಂಪಲ್ ಅನ್ನುತ್ತಾರೆ), ಪ್ರತಿ ಅಳತೆಗೆ 16 ಬಿಟ್. ಒಂದು ಪ್ರಾಜೆಕ್ಟ್‌ಗೆ 64 ಎಂಬಿ ಜಾಗ. ಒಂದು ಸೆಕೆಂಡ್ ಸದ್ದು 96,000 ಬೈಟ್ ತಿನ್ನುತ್ತದೆ. ಲೆಕ್ಕ ಹಾಕಿದರೆ ಹನ್ನೊಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಡ್ರಮ್ ಸದ್ದುಗಳಿಗೆ ಇದು ಧಾರಾಳ.

ಎಲೆಕ್ಟ್ರಾನ್‌ನವರ ಟ್ರಾನ್ಸ್‌ಫರ್ ಆ್ಯಪ್ ಬೇರೆ ಥರದ ಫೈಲ್ ಕೊಟ್ಟರೂ ತಾನೇ ಬದಲಾಯಿಸಿ ಕಳಿಸುತ್ತದೆ. ಆದರೂ ಸ್ಟೀರಿಯೊದಿಂದ ಮೊನೊ ಮಾಡುವ ಕೆಲಸವನ್ನು ಅದಕ್ಕೆ ಬಿಡಬೇಡಿ, ಎಡಿಟರ್‌ನಲ್ಲಿ ನೀವೇ ಮಾಡಿ. ಅಗಲವಾಗಿ ಕೇಳಿಸುವ ಸಿಂತ್ ಅಥವಾ ಪಿಯಾನೊ ಸದ್ದಿನಲ್ಲಿ ಎಡ ಬಲ ಚಾನೆಲ್‌ಗಳು ಒಂದಕ್ಕೊಂದು ಉಲ್ಟಾ ಓಡುತ್ತಿರಬಹುದು. ಎರಡನ್ನೂ ಕೂಡಿಸಿದಾಗ ಸದ್ದಿನ ಒಂದು ಭಾಗವೇ ಮಾಯವಾಗುತ್ತದೆ. ಮೊನೊ ಮಾಡಿ ಕೇಳಿ. ಟೊಳ್ಳು ಅನ್ನಿಸಿದರೆ ಕೂಡಿಸುವುದನ್ನು ಬಿಟ್ಟು ಒಂದೇ ಚಾನೆಲ್ ಇಟ್ಟುಕೊಳ್ಳಿ.

ಈಗ ಎಡಿಟರ್ ವಿಷಯ. ನಿಮ್ಮ ಬೀಟ್ ಸ್ಯಾಂಪ್ಲರ್‌ನಲ್ಲೇ ಆಗುತ್ತದೆ ಅಂದಮೇಲೆ ಟ್ರ್ಯಾಕ್ ಜೋಡಿಸುವ ದೊಡ್ಡ ಸಾಫ್ಟ್‌ವೇರ್ ಬೇಕಾಗಿಲ್ಲ. ಲೈವ್ ಒಳ್ಳೆಯದೇ, ಆದರೆ ಒಂದು ಸ್ನೇರ್ ಡ್ರಮ್ ಸದ್ದಿನ ಬಾಲ ಕತ್ತರಿಸಲು ಅಷ್ಟು ದೊಡ್ಡ ಪ್ರೋಗ್ರಾಂ ತೆರೆದು, ಪ್ರಾಜೆಕ್ಟ್ ಮಾಡಿ, ಟೆಂಪೊ ಕೊಟ್ಟು, ಆಮೇಲೆ ಎಕ್ಸ್‌ಪೋರ್ಟ್ ಮಾಡುವುದು ಸುಮ್ನೆ ಸುತ್ತು ದಾರಿ. ನಿಮಗೆ ಬೇಕಾದದ್ದು ವೇವ್ ಎಡಿಟರ್. ಫೈಲ್ ಮೇಲೆ ಕ್ಲಿಕ್ ಮಾಡಿದ ತಕ್ಷಣ ಅಲೆ ಕಾಣಬೇಕು, ಕತ್ತರಿಸಬೇಕು, ಸೇವ್ ಆಗಬೇಕು.

ಹಳೆಯ ಲ್ಯಾಪ್‌ಟಾಪ್‌ಗೆ ನನ್ನ ಮೊದಲ ಆಯ್ಕೆ ಓಸೆನ್‌ಆಡಿಯೊ (ocenaudio). ಉಚಿತ, ಹಗುರ. ಎಫೆಕ್ಟ್ ಹಾಕುವ ಮೊದಲೇ ಕೇಳುತ್ತಾ ನಾಬ್ ತಿರುಗಿಸಿ ನೋಡಬಹುದು. ಒಂದೊಂದೇ ಸದ್ದನ್ನು ಕೈಯಲ್ಲಿ ತಿದ್ದುವವರಿಗೆ ಇದಕ್ಕಿಂತ ಸಲೀಸಾದದ್ದನ್ನು ನಾನು ಕಂಡಿಲ್ಲ.

ಆದರೆ ಜೊತೆಗೆ ಆಡಾಸಿಟಿಯೂ ಇರಲಿ. ಅದು ಬೇಕಾಗುವುದು ಉದ್ದದ ರೆಕಾರ್ಡಿಂಗ್ ಒಡೆಯುವಾಗ. ಹತ್ತು ನಿಮಿಷ ಡ್ರಮ್ ಬಾರಿಸಿ ರೆಕಾರ್ಡ್ ಮಾಡಿದ್ದೀರಿ ಅಂದುಕೊಳ್ಳಿ. ಒಂದೊಂದು ಏಟನ್ನೂ ಸೆಲೆಕ್ಟ್ ಮಾಡಿ ಕಂಟ್ರೋಲ್ ಬಿ ಒತ್ತಿ ಲೇಬಲ್ ಹಾಕುತ್ತಾ ಹೋಗಿ. ಎಕ್ಸ್‌ಪೋರ್ಟ್ ಮಾಡುವಾಗ ಲೇಬಲ್ ಪ್ರಕಾರ ಹಲವು ಫೈಲ್ ಎಂದು ಆರಿಸಿದರೆ, ನೀವು ಕೊಟ್ಟ ಹೆಸರಿನಲ್ಲೇ ಎಲ್ಲವೂ ಬೇರೆ ಬೇರೆಯಾಗಿ ಹೊರಗೆ ಬರುತ್ತವೆ. ಒಂದು ಎಚ್ಚರಿಕೆ. ಆಡಾಸಿಟಿ ಒಳಗಡೆ 32 ಬಿಟ್ ಫ್ಲೋಟ್ ಎಂಬ ಇನ್ನೂ ದೊಡ್ಡ ಅಳತೆಯಲ್ಲಿ ಕೆಲಸ ಮಾಡುತ್ತದೆ. ಹೊರಗೆ ಕಳಿಸುವಾಗ 16 ಬಿಟ್ ಪಿಸಿಎಂ (ಕುಗ್ಗಿಸದ ಸಾದಾ ಆಡಿಯೊ) ಎಂದೇ ಇದೆಯಾ ಅಂತ ಪ್ರತಿ ಸಲ ನೋಡಿ.

ಸೌಂಡ್ ಫೋರ್ಜ್, ವೇವ್‌ಲ್ಯಾಬ್ ಎರಡೂ ಗಟ್ಟಿ ಸಾಫ್ಟ್‌ವೇರ್‌ಗಳೇ. ವೇವ್‌ಲ್ಯಾಬ್ 1995ರಿಂದ ಇದೆ. ನೂರಾರು ಫೈಲ್‌ಗಳನ್ನು ಒಂದೇ ಸಲ ಬದಲಾಯಿಸುವುದು, ಲೂಪ್ ಗುರುತುಗಳನ್ನು ಫೈಲ್ ಒಳಗೇ ಬರೆಯುವುದು, ಇಂಥ ಕೆಲಸ ದಿನವೂ ಇರುವವರು ದುಡ್ಡು ಕೊಟ್ಟು ಕೊಳ್ಳಲಿ. ನೀವು ಈಗಲೇ ಕೊಳ್ಳಬೇಕಾಗಿಲ್ಲ.

ಅದೇ ಸದಸ್ಯರ ಮರುಪ್ರಶ್ನೆ:
ಓಸೆನ್‌ಆಡಿಯೊ ಹಾಕಿಕೊಂಡೆ ಸರ್, ಚೆನ್ನಾಗಿದೆ. ಆದರೆ ನಾನು ಕತ್ತರಿಸಿದ ಸದ್ದುಗಳು ಮುಗಿಯುವಾಗ ಟಿಕ್ ಅನ್ನುತ್ತವೆ. ಕೆಲವು ಕಿಕ್ ಡ್ರಮ್ ಏಟುಗಳು ತಾಳಕ್ಕಿಂತ ಸ್ವಲ್ಪ ತಡವಾಗಿ ಬರುತ್ತವೆ. ಸಾಫ್ಟ್‌ವೇರ್ ತೊಂದರೆನಾ?

ಉತ್ತರ:
ಅಲ್ಲ, ಕತ್ತರಿಸಿದ ಜಾಗದ ತೊಂದರೆ. ಎರಡೂ ಸುಲಭವಾಗಿ ಸರಿಹೋಗುತ್ತವೆ.

ಟಿಕ್ ಯಾಕೆ ಬರುತ್ತದೆ? ಅಲೆ ಮೇಲೆ ಇರುವಾಗಲೋ ಕೆಳಗೆ ಇರುವಾಗಲೋ ಕತ್ತರಿಸಿದರೆ, ಸ್ಪೀಕರ್ ಅಲ್ಲಿಂದ ಸೊನ್ನೆಗೆ ಒಂದೇ ಏಟಿಗೆ ಜಿಗಿಯಬೇಕು. ಆ ಜಿಗಿತವೇ ನಿಮಗೆ ಕೇಳಿಸುವ ಟಿಕ್. ಹಾಗಾಗಿ ಅಲೆ ನಡುಗೆರೆಯನ್ನು ದಾಟುವ ಜಾಗದಲ್ಲಿ, ಅಂದರೆ ಝೀರೊ ಕ್ರಾಸಿಂಗ್‌ನಲ್ಲಿ ಕತ್ತರಿಸಬೇಕು. ಆಡಾಸಿಟಿಯಲ್ಲಿ ಸೆಲೆಕ್ಟ್ ಮಾಡಿ ಝಡ್ ಕೀ ಒತ್ತಿದರೆ ಎರಡೂ ತುದಿಗಳು ಹತ್ತಿರದ ಝೀರೊ ಕ್ರಾಸಿಂಗ್‌ಗೆ ಸರಿಯುತ್ತವೆ. ಸ್ಟೀರಿಯೊ ಫೈಲ್‌ನಲ್ಲಿ ಎಡ ಬಲ ಒಂದೇ ಕ್ಷಣದಲ್ಲಿ ಗೆರೆ ದಾಟುವುದು ಅಪರೂಪ. ಮೊದಲೇ ಮೊನೊ ಮಾಡಿಕೊಳ್ಳಲು ಇದೂ ಒಂದು ಕಾರಣ.

ಬಾಲದಲ್ಲಿ ಐದರಿಂದ ಹತ್ತು ಮಿಲಿಸೆಕೆಂಡ್ ಫೇಡ್ ಔಟ್ ಹಾಕಿ. ಕಿವಿಗೆ ಗೊತ್ತಾಗುವುದಿಲ್ಲ, ಟಿಕ್ ಹೋಗುತ್ತದೆ. ತಲೆಯ ಕಡೆ ಮಾತ್ರ ಕೈ ಬಿಗಿ ಇರಲಿ. ಕಿಕ್‌ನ ಶುರುವಿನಲ್ಲಿ ಹತ್ತು ಮಿಲಿಸೆಕೆಂಡ್ ಫೇಡ್ ಇನ್ ಹಾಕಿದರೆ ಏಟೇ ಸತ್ತುಹೋಗುತ್ತದೆ. ಅಲ್ಲಿ ಝೀರೊ ಕ್ರಾಸಿಂಗ್ ಸಾಕು. ತೀರಾ ಬೇಕಿದ್ದರೆ ಒಂದು ಮಿಲಿಸೆಕೆಂಡ್‌ಗಿಂತ ಕಡಿಮೆ.

ಇಷ್ಟು ಮಾಡಿದರೂ ಟಿಕ್ ಉಳಿದರೆ ಅಲೆಯ ನಡುಗೆರೆ ನೋಡಿ. ಸದ್ದಿಲ್ಲದ ಜಾಗದಲ್ಲೂ ಅಲೆ ಸೊನ್ನೆಗಿಂತ ಮೇಲೋ ಕೆಳಗೋ ನಿಂತಿದ್ದರೆ ಅದು ಡಿಸಿ ಆಫ್‌ಸೆಟ್. ಆಡಾಸಿಟಿಯ ನಾರ್ಮಲೈಸ್‌ನಲ್ಲೇ (ಸದ್ದಿನ ಅತಿ ಜೋರಾದ ಜಾಗವನ್ನು ಒಂದು ನಿಗದಿತ ಮಟ್ಟಕ್ಕೆ ತರುವ ಎಫೆಕ್ಟ್) ಅದನ್ನು ತೆಗೆಯುವ ಆಯ್ಕೆ ಇದೆ. ಕತ್ತರಿಸುವ ಮೊದಲೇ ತೆಗೆಯಿರಿ.

ಕಿಕ್ ತಡವಾಗುವುದು ಶುರುವಿನಲ್ಲಿ ಉಳಿದ ಮೌನದಿಂದ. 48 ಕಿಲೋಹರ್ಟ್ಸ್‌ನಲ್ಲಿ ಹತ್ತು ಮಿಲಿಸೆಕೆಂಡ್ ಅಂದರೆ 480 ಸ್ಯಾಂಪಲ್. ಇಡೀ ಫೈಲನ್ನು ಪರದೆ ಮೇಲೆ ನೋಡುವಾಗ ಅದು ಕಾಣುವುದೇ ಇಲ್ಲ, ಆದರೆ ತಾಳದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಒಂದೊಂದು ಸ್ಯಾಂಪಲ್ ಚುಕ್ಕಿ ಕಾಣುವವರೆಗೂ ಝೂಮ್ ಮಾಡಿ ಕತ್ತರಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಎಲ್ಲ ಫೈಲನ್ನೂ ಕಣ್ಣು ಮುಚ್ಚಿ ನಾರ್ಮಲೈಸ್ ಮಾಡಬೇಡಿ. ಮೆಲ್ಲಗೆ ಬಾರಿಸಿದ ಸ್ನೇರ್ ಮತ್ತು ಜೋರಾಗಿ ಬಾರಿಸಿದ ಸ್ನೇರ್ ಎರಡೂ ಒಂದೇ ಮಟ್ಟಕ್ಕೆ ಬಂದರೆ ಬಾರಿಸಿದವರ ಕೈಗುಣ ಹೋಗುತ್ತದೆ. ಒಂದೇ ವಾದ್ಯದ ಸದ್ದುಗಳನ್ನು ಒಟ್ಟಿಗೆ ಇಟ್ಟು, ಎಲ್ಲದಕ್ಕೂ ಒಂದೇ ಪ್ರಮಾಣದಲ್ಲಿ ಮಟ್ಟ ಏರಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಸರ್, ನನ್ನದು ಹಳೆಯ ಅಕಾಯ್ ಎಂಪಿಸಿ 2000 ಎಕ್ಸ್‌ಎಲ್ ಸ್ಯಾಂಪ್ಲರ್. ಕಾರ್ಡ್‌ನಲ್ಲಿ ವೇವ್ ಫೈಲ್ ಕಾಣಿಸುತ್ತದೆ, ಆದರೆ ಕೆಲವು ಲೋಡ್ ಆಗುವುದಿಲ್ಲ. ಅದೇ ಫೈಲ್‌ಗಳು ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಓಡುತ್ತವೆ.

ಉತ್ತರ:
ವೇವ್ ಅನ್ನುವುದು ಒಂದು ಡಬ್ಬಿ ಇದ್ದ ಹಾಗೆ. ಒಳಗೆ ಏನು ಬೇಕಾದರೂ ಇರಬಹುದು: 16 ಬಿಟ್, 24 ಬಿಟ್, 32 ಬಿಟ್ ಫ್ಲೋಟ್. ಕಂಪ್ಯೂಟರ್ ಎಲ್ಲವನ್ನೂ ಓದುತ್ತದೆ. ನಿಮ್ಮ ಎಂಪಿಸಿಗೆ 16 ಬಿಟ್, 44.1 ಕಿಲೋಹರ್ಟ್ಸ್ ಮಾತ್ರ ಕೊಡಿ.

ಬಿಟ್ ಸರಿಯಿದ್ದೂ ಲೋಡ್ ಆಗದಿದ್ದರೆ ಫೈಲಿನ ಹೆಡರ್ (ಒಳಗೆ ಏನಿದೆ ಎಂದು ಹೇಳುವ ಮೊದಲ ಭಾಗ) ಮೇಲೆ ಅನುಮಾನ ಪಡಿ. ಕೆಲವು ಸಾಫ್ಟ್‌ವೇರ್‌ಗಳು ಎಕ್ಸ್‌ಟೆನ್ಸಿಬಲ್ ಎಂಬ ಹೊಸ ಥರದ ಹೆಡರ್ ಬರೆಯುತ್ತವೆ. ಹಳೆಯ ಯಂತ್ರಗಳು ಸರಳ ಪಿಸಿಎಂ ಹೆಡರ್ ನೋಡಿ ಅಭ್ಯಾಸವಾದವು, ಇದನ್ನು ಕಂಡರೆ ನಿರಾಕರಿಸಬಹುದು. ಎಡಿಟರ್‌ನಲ್ಲಿ ತೆರೆದು, ಹಾಡಿನ ಹೆಸರು, ಕಲಾವಿದರ ಹೆಸರು ಇಂಥ ಟ್ಯಾಗ್‌ಗಳನ್ನೆಲ್ಲ ಅಳಿಸಿ, 16 ಬಿಟ್ ಪಿಸಿಎಂ ಆಗಿ ಹೊಸ ಹೆಸರಿನಲ್ಲಿ ಸೇವ್ ಮಾಡಿ. ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತದೆ. ಹೆಸರು ಚಿಕ್ಕದಿರಲಿ, ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಮಾತ್ರ ಇರಲಿ.

ಮೆಮೊರಿಯನ್ನೂ ನೋಡಿಕೊಳ್ಳಿ. ನಿಮ್ಮ ಎಂಪಿಸಿ ಜಾಸ್ತಿ ಅಂದರೆ 32 ಎಂಬಿವರೆಗೆ ಹೋಗುತ್ತದೆ. ಸ್ಟೀರಿಯೊ ಒಂದು ನಿಮಿಷಕ್ಕೆ ಸುಮಾರು ಹತ್ತು ಎಂಬಿ. ಮೊನೊ ಆದರೆ ಅದರ ಅರ್ಧ.

ಮೊದಲು ಕೇಳಿದವರು:
ಸರ್, ಲೂಪ್ ಬಗ್ಗೆಯೂ ಹೇಳಿ. ನಾನು ಕತ್ತರಿಸಿದ ಡ್ರಮ್ ಲೂಪ್ ನಾಲ್ಕೈದು ಸುತ್ತು ಆದಮೇಲೆ ಜಾರಿಹೋಗುತ್ತದೆ.

ಉತ್ತರ:
ಕಿವಿಯಿಂದ ಅಂದಾಜು ಮಾಡಿ ಕತ್ತರಿಸಿದರೆ ಹಾಗಾಗುತ್ತದೆ. ಲೆಕ್ಕ ಹಾಕಿ ಕತ್ತರಿಸಿ. 60ನ್ನು ಟೆಂಪೊದಿಂದ ಭಾಗಿಸಿ, ಬೀಟ್‌ಗಳಿಂದ ಗುಣಿಸಿ, ಸ್ಯಾಂಪಲ್ ರೇಟ್‌ನಿಂದ ಗುಣಿಸಿ. 90 ಟೆಂಪೊದಲ್ಲಿ ನಾಲ್ಕು ಬೀಟ್ ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ 117,600 ಸ್ಯಾಂಪಲ್, ನಿಮ್ಮ 48ರಲ್ಲಿ 128,000. ಎಡಿಟರ್‌ನಲ್ಲಿ ಅಳತೆಯನ್ನು ಸೆಕೆಂಡ್ ಬದಲು ಸ್ಯಾಂಪಲ್‌ಗೆ ಬದಲಾಯಿಸಿಕೊಂಡು ಅಷ್ಟೇ ಉದ್ದ ಸೆಲೆಕ್ಟ್ ಮಾಡಿ. ಒಂದು ಎಡಿಟರ್ ಕೆಲಸಕ್ಕೆ ಬರುತ್ತದೋ ಇಲ್ಲವೋ ಅಂತ ನಾನು ಮೊದಲು ನೋಡುವುದೇ ಇದನ್ನು. ಸ್ಯಾಂಪಲ್ ಲೆಕ್ಕದಲ್ಲಿ ಉದ್ದ ತೋರಿಸದ ಎಡಿಟರ್ ಸ್ಯಾಂಪ್ಲರ್ ಕೆಲಸಕ್ಕೆ ಆಗುವುದಿಲ್ಲ.

ಎಳೆದು ನಿಲ್ಲುವ ಸ್ವರಗಳ ಲೂಪ್ ಬೇರೆ. ಅಲ್ಲಿ ವೇವ್ ಫೈಲ್ ಒಳಗೇ ಲೂಪ್ ಎಲ್ಲಿಂದ ಎಲ್ಲಿಗೆ ಎಂದು ಬರೆದಿಡುವ ವ್ಯವಸ್ಥೆ ಇದೆ. ಅದನ್ನು ಓದುವ ಸ್ಯಾಂಪ್ಲರ್ ಇರುವವರಿಗೆ ಸೌಂಡ್ ಫೋರ್ಜ್, ಅಥವಾ ಮ್ಯಾಕ್ ಆದರೆ ಟ್ವಿಸ್ಟೆಡ್‌ವೇವ್ ಬೇಕಾಗುತ್ತದೆ. ನಿಮ್ಮ ಡಿಜಿಟಾಕ್ಟ್‌ನಲ್ಲಿ ಲೂಪ್ ಶುರುವಾಗುವ ಜಾಗವನ್ನು ಅಲ್ಲೇ ನಾಬ್ ತಿರುಗಿಸಿ ಇಡಬಹುದು, ಅಲ್ವಾ? ಹಾಗಾಗಿ ನಿಮಗೆ ಆ ಚಿಂತೆ ಇಲ್ಲ.

ಮತ್ತೊಬ್ಬ ಸದಸ್ಯರು:
ಹಳೆಯ ಎಸ್‌ಪಿ-1200 ಸ್ಯಾಂಪ್ಲರ್‌ನ ಒರಟು ಸದ್ದನ್ನು ಎಡಿಟರ್‌ನಲ್ಲೇ ತರಿಸಬಹುದಾ ಸರ್?

ಉತ್ತರ:
ಹತ್ತಿರ ಹೋಗಬಹುದು. ಈ-ಮ್ಯುನವರು 1987ರಲ್ಲಿ ತಂದ ಆ ಯಂತ್ರ 12 ಬಿಟ್, ಸುಮಾರು 26 ಕಿಲೋಹರ್ಟ್ಸ್. ಒಟ್ಟು ಹತ್ತು ಸೆಕೆಂಡ್ ಚಿಲ್ಲರೆ ಜಾಗ. ಜಾಗ ಉಳಿಸಲು ಜನ ನಿಮಿಷಕ್ಕೆ 33 ಸುತ್ತಿನ ಗ್ರಾಮಫೋನ್ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಸ್ಯಾಂಪಲ್ ಮಾಡುತ್ತಿದ್ದರು, ಆಮೇಲೆ ಯಂತ್ರದಲ್ಲಿ ಶ್ರುತಿ ಇಳಿಸುತ್ತಿದ್ದರು. ಇಳಿಸುವಾಗ ಬರುತ್ತಿದ್ದ ಕರಕರ ಸದ್ದೇ ಎಷ್ಟೋ ಬೀಟ್‌ಗಳ ಗುರುತಾಯಿತು.

ನೀವೂ ಮಾಡಿ ನೋಡಿ. ಆಡಾಸಿಟಿಯಲ್ಲಿ ವೇಗವನ್ನು ಎರಡು ಪಟ್ಟು ಮಾಡಿ, 16 ಬಿಟ್‌ನಲ್ಲಿ ಕಳಿಸಿ, ಸ್ಯಾಂಪ್ಲರ್‌ನಲ್ಲಿ 12 ಸೆಮಿಟೋನ್ (ಒಂದು ಸ್ಥಾಯಿ) ಇಳಿಸಿ. ಜಾಗ ಅರ್ಧ ಆಗುತ್ತದೆ. 48 ಕಿಲೋಹರ್ಟ್ಸ್ ಫೈಲ್ ಆದರೆ ಮೂಲದಲ್ಲಿ 12 ಕಿಲೋಹರ್ಟ್ಸ್ ಮೇಲಿದ್ದದ್ದೆಲ್ಲ ಹೋಗಿ ಸದ್ದು ಮಂದವಾಗುತ್ತದೆ. ಶ್ರುತಿ ಬದಲಿಸುವಾಗ ಉದ್ದ ಹಾಗೇ ಇಡುವ ಎಫೆಕ್ಟ್ ಬಳಸಬೇಡಿ, ವೇಗ ಬದಲಿಸುವುದನ್ನೇ ಬಳಸಿ. ಕರಕರ ಮಾತ್ರ ಅಷ್ಟೇ ಬರುವುದಿಲ್ಲ. ಈಗಿನ ಯಂತ್ರಗಳು ಶ್ರುತಿ ಇಳಿಸುವಾಗ ಸ್ಯಾಂಪಲ್‌ಗಳ ನಡುವಿನ ಜಾಗವನ್ನು ನಯವಾಗಿ ತುಂಬುತ್ತವೆ, ಎಸ್‌ಪಿ-1200 ತುಂಬುತ್ತಿರಲಿಲ್ಲ. ಡಿಜಿಟಾಕ್ಟ್ ಇದ್ದವರು ಬೇಕಿದ್ದರೆ ಅದರ ಬಿಟ್ ರಿಡಕ್ಷನ್ (ಬಿಟ್ ಕಡಿಮೆ ಮಾಡಿ ಸದ್ದನ್ನು ಒರಟಾಗಿಸುವುದು) ಸೇರಿಸಿ.

ಮತ್ತೊಬ್ಬ ಸದಸ್ಯರು:
ನನ್ನ ಹತ್ತಿರ ಅಕಾಯ್ ಎಸ್1000 ಸ್ಯಾಂಪ್ಲರ್ ಇದೆ. ಮಿಡಿ ಕೇಬಲ್‌ನಲ್ಲೇ (ವಾದ್ಯಗಳ ನಡುವೆ ಸ್ವರಗಳ ಸೂಚನೆ ಸಾಗಿಸುವ ಕೇಬಲ್) ರೆಕಾರ್ಡ್ ಆದ ಸದ್ದು ಕಳಿಸುವ ಎಡಿಟರ್ ಇದೆ ಎಂದು ಕೇಳಿದ್ದೇನೆ. ಅದನ್ನೇ ಹುಡುಕಲಾ?

ಉತ್ತರ:
ಹುಡುಕಬೇಡಿ. ಮಿಡಿ ಸ್ಯಾಂಪಲ್ ಡಂಪ್ ಎನ್ನುವ ಆ ವಿಧಾನ ಇದೆ, ಸೌಂಡ್ ಫೋರ್ಜ್‌ನಲ್ಲಿ ಅದಕ್ಕೆ ಸೌಲಭ್ಯವೂ ಇತ್ತು. ಆದರೆ ಮಿಡಿ ಕೇಬಲ್‌ನ ವೇಗ ಸೆಕೆಂಡಿಗೆ 31,250 ಬಿಟ್ ಮಾತ್ರ. 44.1 ಕಿಲೋಹರ್ಟ್ಸ್, 16 ಬಿಟ್‌ನ ಒಂದೇ ಒಂದು ಸೆಕೆಂಡ್ ಮೊನೊ ಸದ್ದು ಹೋಗಲು ಮುಕ್ಕಾಲು ನಿಮಿಷ ಬೇಕು.

ನಿಮ್ಮ ಎಸ್1000 ವೇವ್ ಫೈಲ್ ಓದುವುದಿಲ್ಲ, ಅದಕ್ಕೆ ಅದರದೇ ಫಾರ್ಮ್ಯಾಟ್ ಬೇಕು. ಫ್ಲಾಪಿ ಡ್ರೈವ್ ಜಾಗಕ್ಕೆ ಯುಎಸ್‌ಬಿ ಫ್ಲಾಪಿ ಎಮ್ಯುಲೇಟರ್ ಹಾಕಿಸಿ. ಅಕಾಯ್‌ಯುಟಿಲ್ ಎಂಬ ಉಚಿತ ಕಮಾಂಡ್ ಲೈನ್ ಟೂಲ್ ವೇವ್ ಫೈಲ್‌ಗಳನ್ನು ಅಕಾಯ್ ಡಿಸ್ಕ್ ಇಮೇಜ್ ಒಳಗೆ ಹಾಕಿಕೊಡುತ್ತದೆ. ಎಡಿಟರ್ ಯಾವುದಾದರೂ ಆಗಬಹುದು, 16 ಬಿಟ್ 44.1ರಲ್ಲಿ ಮೊನೊ ಫೈಲ್ ಕೊಟ್ಟರೆ ಸಾಕು. ಹೆಸರಿಗೆ 12 ಅಕ್ಷರ ಮಾತ್ರ ಸಿಗುತ್ತದೆ, ಹಾಗಾಗಿ ಎಕ್ಸ್‌ಪೋರ್ಟ್ ಮಾಡುವಾಗಲೇ ಚಿಕ್ಕ ಹೆಸರು ಕೊಡಿ. ನಾಲ್ಕೈದು ಸದ್ದು ಮಾತ್ರ ಹಾಕಬೇಕಿದ್ದರೆ ಇದೆಲ್ಲ ಬೇಡ, ಕಂಪ್ಯೂಟರ್‌ನ ಔಟ್‌ಪುಟ್‌ನಿಂದ ಸ್ಯಾಂಪ್ಲರ್‌ನ ಇನ್‌ಪುಟ್‌ಗೆ ಕೇಬಲ್ ಹಾಕಿ ನೇರವಾಗಿ ರೆಕಾರ್ಡ್ ಮಾಡಿಕೊಳ್ಳಿ. ಎಡಿಟರ್‌ನಲ್ಲಿ ಸದ್ದುಗಳ ನಡುವೆ ಒಂದೊಂದು ಸೆಕೆಂಡ್ ಮೌನ ಬಿಟ್ಟಿರಿ, ಕತ್ತರಿಸುವಾಗ ಸುಲಭ ಆಗುತ್ತದೆ.