ಹೊಸ ಬಾತ್‌ರೂಮ್, ಪಕ್ಕದ ಗೋಡೆ ಒದ್ದೆ, ಕಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ: ಏನು ಮಾಡಲಿ?

ಪ್ರಶ್ನೆ:

ನಮಸ್ಕಾರ ಸರ್. ತುಂಬಾ ಬೇಜಾರಿನಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು. ಐದು ತಿಂಗಳ ಹಿಂದೆ ನಮ್ಮ ಬಾತ್‌ರೂಮನ್ನು ಪೂರ್ತಿ ಒಡೆಸಿ ಹೊಸದಾಗಿ ಮಾಡಿಸಿದೆವು. ಎರಡು ವಾರ ಅಂದಿದ್ದ ಕೆಲಸ ಏಳು ವಾರ ಎಳೆಯಿತು. ಸಾಮಾನು ತರಬೇಕು, ಕೂಲಿ ಕೊಡಬೇಕು ಅಂತ ಕಂಟ್ರಾಕ್ಟರ್ ಬಂದಾಗಲೆಲ್ಲ ದುಡ್ಡು ಕೇಳುತ್ತಿದ್ದರು, ಕೆಲಸ ನಿಂತುಹೋದರೆ ಅನ್ನುವ ಭಯಕ್ಕೆ ನಾವೂ ಕೊಡುತ್ತಾ ಹೋದೆವು. ಹತ್ತರಲ್ಲಿ ಒಂಬತ್ತು ಪಾಲು ಹಣ ಕೊಟ್ಟಾಗಿತ್ತು, ಬಾಗಿಲ ಹತ್ತಿರದ ಹೊಸ್ತಿಲ ಕಲ್ಲು ಮಾತ್ರ ಇನ್ನೂ ಕೂತಿರಲಿಲ್ಲ.

ಈಗಿನ ಪರಿಸ್ಥಿತಿ ಹೀಗಿದೆ. ಸ್ನಾನ ಆದ ಮೇಲೆ ನೀರು ಜಾಲರಿ ಕಡೆ ಹೋಗುವುದಿಲ್ಲ, ಕಮೋಡ್ ಹಿಂದಿನ ಮೂಲೆಯಲ್ಲಿ ನಿಲ್ಲುತ್ತದೆ. ಪ್ರತಿ ಸಲ ವೈಪರ್ ಹಿಡಿದು ಎಳೆಯಬೇಕು. ನಮ್ಮ ಅತ್ತೆ ವಯಸ್ಸಾದವರು, ಹೋದ ವಾರ ಅಲ್ಲೇ ಜಾರಿದರು, ನಲ್ಲಿ ಹಿಡಿದುಕೊಂಡದ್ದಕ್ಕೆ ಉಳಿದರು. ಪಕ್ಕದ ಮಲಗುವ ಕೋಣೆಯ ಗೋಡೆ ನೆಲದಿಂದ ಒಂದು ಗೇಣು ಎತ್ತರಕ್ಕೆ ಒದ್ದೆ ಹಿಡಿದಿದೆ. ಬಣ್ಣ ಗುಳ್ಳೆ ಎದ್ದಿದೆ, ಬೆರಳಲ್ಲಿ ಒತ್ತಿದರೆ ಒಳಗಿಂದ ಬಿಳಿ ಪುಡಿ ಉದುರುತ್ತದೆ. ಕಂಟ್ರಾಕ್ಟರ್ ಮೊದಲು 'ಹೊಸ ಗಾರೆ ಮೇಡಂ, ಒಣಗುತ್ತೆ' ಅಂದರು. ಆಮೇಲೆ ಒಬ್ಬ ಹುಡುಗನನ್ನು ಕಳಿಸಿ ಟೈಲ್ಸ್ ಸಂದಿಗೆ ವೈಟ್ ಸಿಮೆಂಟ್ ತುಂಬಿಸಿದರು. ಈಗ ಫೋನೇ ಎತ್ತುವುದಿಲ್ಲ. ಇನ್ನೊಬ್ಬ ಮೇಸ್ತ್ರಿಯನ್ನು ಕರೆಸಿದರೆ ಅವರು ಬಾಗಿಲಲ್ಲೇ ನಿಂತು 'ಎಲ್ಲಾ ಕಿತ್ತು ಹಾಕಬೇಕು' ಅಂದರು. ನಿಜವಾಗಿಯೂ ಪೂರ್ತಿ ಒಡೆಯಬೇಕಾ?

ಉತ್ತರ:

ಮೇಡಂ, ಸೋರಿಕೆ ದುರಸ್ತಿಯೇ ನನ್ನ ಕೆಲಸ. ಒಂದೇ ಮಾತು ಮೊದಲು ಹೇಳಿಬಿಡುತ್ತೇನೆ, ಆ ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವ ತನಕ ಒಂದು ಟೈಲನ್ನೂ ಮುಟ್ಟಲು ಬಿಡಬೇಡಿ. ಬಾಗಿಲಲ್ಲಿ ನಿಂತು ಎಲ್ಲಾ ಕೀಳಬೇಕು ಅಂದವರೂ ಊಹೆಯಲ್ಲೇ ಹೇಳಿದ್ದಾರೆ, ಸಂದಿ ತುಂಬಿದವರೂ ಊಹೆಯಲ್ಲೇ ತುಂಬಿದ್ದಾರೆ.

ನೀರು ಮೂರು ಕಡೆಯಿಂದ ಬರಬಹುದು. ಗೋಡೆಯೊಳಗಿನ ನಲ್ಲಿ ಪೈಪು, ಹೊರಗೆ ಹೋಗುವ ಡ್ರೈನ್ ಪೈಪು, ಇಲ್ಲವೇ ಟೈಲ್ಸ್ ಅಡಿಯ ವಾಟರ್‌ಪ್ರೂಫಿಂಗ್. ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಮೊದಲು ಒದ್ದೆ ಕಲೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಅದರ ಕರೆಂಟ್ ತೆಗೆಸಿ, ಇದನ್ನು ಇವತ್ತೇ ಮಾಡಿ.

ರಾತ್ರಿ ಮನೆಯ ಎಲ್ಲಾ ನಲ್ಲಿ ನಿಲ್ಲಿಸಿ ನೀರಿನ ಮೀಟರ್ ಅಂಕೆ ಬರೆದಿಡಿ. ಬೆಳಗ್ಗೆ ಅಂಕೆ ಓಡಿದ್ದರೆ ಎಲ್ಲೋ ನಲ್ಲಿ ಪೈಪು ಸೋರುತ್ತಿದೆ. ಟ್ಯಾಂಕ್‌ನಿಂದ ನೀರು ಬರುವ ಮನೆಯಾದರೆ ಟ್ಯಾಂಕಿಗೆ ನೀರು ತುಂಬುವುದನ್ನು ನಿಲ್ಲಿಸಿ, ಒಳಗಿನ ಮಟ್ಟಕ್ಕೆ ಗುರುತು ಹಾಕಿ ನೋಡಿ. ಇದರಲ್ಲಿ ಏನೂ ಕಾಣದಿದ್ದರೆ ನೆಲ ಒಣಗಿರುವಾಗ ಒಂದು ಪೈಪನ್ನು ನೇರ ಜಾಲರಿಯೊಳಗೆ ಇಳಿಸಿ, ನೆಲ ನೆನೆಯದ ಹಾಗೆ ನಾಲ್ಕೈದು ಬಕೆಟ್ ಸುರಿಯಿರಿ. ಎರಡು ದಿನ ಆ ಬಾತ್‌ರೂಮ್ ಬಳಸಬೇಡಿ, ಕಲೆ ನೋಡುತ್ತಿರಿ, ಗೆರೆ ದಾಟಿದರೆ ಡ್ರೈನ್ ಪೈಪಿನ ಮೇಲೆ ಅನುಮಾನ. ಆಮೇಲೆ ಕೊನೆಯ ಪರೀಕ್ಷೆ, ವಾಟರ್‌ಪ್ರೂಫಿಂಗಿನದ್ದು. ಜಾಲರಿ ಬಾಯಿಗೆ ಬಟ್ಟೆ ತುಂಬಿಸಿದ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ತುರುಕಿ, ಬಾಗಿಲಿಗೆ ಗಾರೆಯ ಚಿಕ್ಕ ಕಟ್ಟೆ ಕಟ್ಟಿ, ಎರಡು ಬೆರಳು ಎತ್ತರ ನೀರು ನಿಲ್ಲಿಸಿ, 24 ಗಂಟೆ. ಕೆಳಗೆ ಬೇರೆಯವರ ಮನೆ ಇದ್ದರೆ ಮೊದಲೇ ಹೇಳಿಬಿಡಿ.

ಸಂದಿಯ ವಿಷಯ ಒಂದು ಮಾತು. ಸಂದಿಗೆ ತುಂಬುವ ಸಿಮೆಂಟ್ ಗ್ರೌಟ್ ನೀರು ತಡೆಯುವ ವಸ್ತು ಅಲ್ಲ, ಅದು ನೀರು ಹೀರುತ್ತದೆ. ಟೈಲ್ಸ್ ಅಡಿಗೆ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ ಅಂತ ಲೆಕ್ಕ ಹಾಕಿಯೇ ಕೆಳಗೆ ವಾಟರ್‌ಪ್ರೂಫಿಂಗ್ ಕೋಟಿಂಗ್ ಮಾಡುವುದು. ಆ ಕೋಟಿಂಗ್ ಸರಿ ಇಲ್ಲದಿದ್ದರೆ ಮೇಲೆ ಎಷ್ಟು ಮೆತ್ತಿದರೂ ಅಷ್ಟೇ.

ಮತ್ತೆ ಪ್ರಶ್ನೆ ಕೇಳಿದವರು:

ಸರ್, ಒಂಬತ್ತು ದಿನ ಹಿಡಿಯಿತು, ನೀವು ಹೇಳಿದ ಹಾಗೇ ಮಾಡಿದೆವು. ಮೀಟರ್ ಒಂದು ಚೂರೂ ಓಡಲಿಲ್ಲ. ಜಾಲರಿಗೆ ಸುರಿದಾಗಲೂ ಕಲೆ ಗೆರೆಯ ಒಳಗೇ ಇತ್ತು. ನೆಲದಲ್ಲಿ ನೀರು ನಿಲ್ಲಿಸಿದ ಮಾರನೇ ದಿನ ಸಂಜೆಗೆ ಒದ್ದೆ ಪೆನ್ಸಿಲ್ ಗೆರೆ ದಾಟಿ ನಾಲ್ಕು ಬೆರಳು ಮೇಲೆ ಹತ್ತಿತ್ತು. ನೋಡಿ ಕಣ್ಣಲ್ಲಿ ನೀರು ಬಂತು ಸರ್. ಆಮೇಲೆ ಹಳೆ ಫೋಟೋ ಹುಡುಕಿದೆ, ಕೆಲಸ ನಡೆಯುವಾಗ ನಮ್ಮ ಯಜಮಾನರಿಗೆ ತೋರಿಸಲು ತೆಗೆದದ್ದು. ಅದರಲ್ಲಿ ಬೂದು ಬಣ್ಣದ ಕೋಟಿಂಗ್ ನೆಲಕ್ಕೆ ಮಾತ್ರ ಇದೆ, ಗೋಡೆಗೆ ಹತ್ತಿಯೇ ಇಲ್ಲ. ಕಮೋಡ್ ಪೈಪಿನ ಸುತ್ತ ಒಂದು ಬೆರಳು ಹೋಗುವಷ್ಟು ಸಂದಿ ಹಾಗೇ ಬಿಟ್ಟಿದ್ದಾರೆ.

ಉತ್ತರ:

ಆ ಫೋಟೋ ಜೋಪಾನವಾಗಿಡಿ, ಎರಡು ಮೂರು ಕಡೆ ಕಾಪಿ ಮಾಡಿ. ಇಡೀ ವಿಷಯ ಅದರಲ್ಲೇ ಇದೆ. ನೆಲ ಗೋಡೆ ಸೇರುವ ಮೂಲೆಯೇ ಮೊದಲು ಬಿರುಕು ಬಿಡುವ ಜಾಗ. ಕೋಟಿಂಗ್ ಅಲ್ಲಿ ಮೇಲಕ್ಕೆ ತಿರುಗಿ ಗೋಡೆಯ ಮೇಲೆ ಕನಿಷ್ಠ 150 ಮಿಲಿಮೀಟರ್ ಹತ್ತಬೇಕು, 300 ಆದರೆ ಇನ್ನೂ ಒಳ್ಳೆಯದು. ಶವರ್ ಇರುವ ಗೋಡೆಗೆ ತಲೆ ಎತ್ತರದ ತನಕ ಬೇಕು.

ನಿಮ್ಮ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ನೆಲದ ಟೈಲ್ಸ್ ಪೂರ್ತಿ ತೆಗೆಯಬೇಕು, ಗೋಡೆಯದು ಕೆಳಗಿನ ಒಂದೆರಡು ಸಾಲು ಮತ್ತು ಶವರ್ ಇರುವ ಗೋಡೆ. ಉಳಿದದ್ದನ್ನು ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬರದಿದ್ದರೆ ಹಾಗೇ ಇರಲಿ. ನೆಲ ಹೇಗೂ ತೆಗೆಯಬೇಕು, ಯಾಕೆಂದರೆ ನೀರು ಮೂಲೆಯಲ್ಲಿ ನಿಲ್ಲುವುದು ವಾಟದ, ಅಂದರೆ ನೆಲದ ಇಳಿಜಾರಿನ ತಪ್ಪು. ಒಂದು ಮೀಟರ್ ಉದ್ದಕ್ಕೆ 10ರಿಂದ 12 ಮಿಲಿಮೀಟರ್ ವಾಟ ಜಾಲರಿ ಕಡೆಗೇ ಇರಬೇಕು. ಟೈಲ್ಸ್ ಮೇಲೆ ಸುರಿಯುವ ಪಾರದರ್ಶಕ ಕೆಮಿಕಲ್ ಬಗ್ಗೆ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದರಿಂದ ವಾಟ ಸರಿ ಆಗುವುದಿಲ್ಲ, ಅತ್ತೆಯವರು ನಾಳೆ ಮತ್ತೆ ಅಲ್ಲೇ ಜಾರುತ್ತಾರೆ. ಕೆಲಸ ಮುಗಿಯುವ ತನಕ ಅವರಿಗೆ ಹಿಡಿದುಕೊಳ್ಳಲು ಒಂದು ಗಟ್ಟಿ ಕಂಬಿ ಹಾಕಿಸಿ. ನಲ್ಲಿ ಹಿಡಿದು ಭಾರ ಬಿಡುವುದು ಅಪಾಯ.

ಒಡೆಯುವ ಮೊದಲು ಹಳೆ ಕಂಟ್ರಾಕ್ಟರಿಗೆ ಒಂದು ಮೆಸೇಜ್ ಹಾಕಿ. ಬೈಯಬೇಡಿ. ಯಾವ ದಿನ ಯಾವ ಪರೀಕ್ಷೆ ಮಾಡಿದಿರಿ, ಏನು ಕಂಡಿತು, ಫೋಟೋ, ಇಂಥ ತಾರೀಖಿನೊಳಗೆ ಬಂದು ನೋಡಿ ಅಂತ ಅಷ್ಟೇ. ಬರದಿದ್ದರೆ ಬೇರೊಬ್ಬರಿಂದ ದುರಸ್ತಿಯ ಅಂದಾಜು ಬರಹದಲ್ಲಿ ತಗೊಳ್ಳಿ, ಒಡೆಯುವಾಗ ಕಾಣಿಸುವುದನ್ನೆಲ್ಲ ಫೋಟೋ ತೆಗೆಯಿರಿ. ಮುಂದೆ ಗ್ರಾಹಕ ದೂರು ಕೊಡುವುದಾದರೂ ಒಡೆದ ಮೇಲೆ ಹೇಳುವ ಮಾತಿಗಿಂತ ಒಡೆಯುವ ಮೊದಲಿನ ಈ ಕಾಗದಕ್ಕೆ ಬೆಲೆ ಜಾಸ್ತಿ.

ಇನ್ನೊಬ್ಬ ಸದಸ್ಯರು:

ಅಣ್ಣ, ನಮ್ಮದು ಮುಂದಿನ ತಿಂಗಳು ಶುರು. ಇದನ್ನೆಲ್ಲ ಓದಿ ಕೈಕಾಲು ತಣ್ಣಗಾಯಿತು. ದುಡ್ಡು ಹೇಗೆ ಕೊಡಬೇಕು?

ಉತ್ತರ:

ದಿನಕ್ಕೆ, ವಾರಕ್ಕೆ ಅಂತ ಕೊಡಬೇಡಿ, ಹಂತಕ್ಕೆ ಕೊಡಿ. ಪೈಪು ಹಾಕಿ ಗೋಡೆ ಮುಚ್ಚುವ ಮೊದಲು ಪಂಪ್ ಕಟ್ಟಿ ಒತ್ತಡ ಹಾಕಿಸಿ, ಮಾಮೂಲಿಗಿಂತ ಒಂದೂವರೆ ಪಟ್ಟು. ಪಂಪಿನ ಗೇಜಿನ ಮುಳ್ಳು ಇಳಿಯದಿದ್ದರೆ ಒಂದು ಕಂತು. ಎರಡು ಕೋಟಿಂಗ್ ಒಣಗಿದ ಮೇಲೆ, ಟೈಲ್ಸ್ ಇಡುವ ಮೊದಲು, ನೀರು ನಿಲ್ಲಿಸಿ ನೋಡಿ. ಇದನ್ನು ಮಾತ್ರ ಯಾರು ಏನೇ ಹೇಳಲಿ ಬಿಡಬೇಡಿ. 'ಒಂದು ದಿನ ಸುಮ್ನೆ ಹಾಳಾಗುತ್ತೆ' ಅನ್ನುತ್ತಾರೆ, ಆಗಲಿ. ಮೇಲೆ ಪ್ರಶ್ನೆ ಕೇಳಿದ ಮೇಡಂ ಮನೆಯಲ್ಲಿ ತಪ್ಪಿಹೋದದ್ದು ಆ ಒಂದು ದಿನವೇ ಅಲ್ವಾ? ಟೈಲ್ಸ್ ಆದ ಮೇಲೆ ಒಂದು ಬಕೆಟ್ ನೀರು ಚೆಲ್ಲಿ, ಎಲ್ಲೂ ನಿಲ್ಲದೆ ಜಾಲರಿಗೆ ಓಡಿದರೆ ಇನ್ನೊಂದು ಕಂತು. ಕೊನೆಯ ಪಾಲು ಬಳಸಲು ಶುರು ಮಾಡಿ ಒಂದು ತಿಂಗಳ ಮೇಲೆ, ಮತ್ತು ಇದನ್ನು ಮೊದಲ ದಿನವೇ ಬರೆದು ಇಬ್ಬರೂ ಸಹಿ ಹಾಕಿ. ಒಳ್ಳೆ ಕೆಲಸಗಾರರು ಇದಕ್ಕೆ ಬೇಡ ಅನ್ನುವುದಿಲ್ಲ, ಅವರಿಗೆ ಅವರ ಕೈಮೇಲೆ ನಂಬಿಕೆ ಇರುತ್ತದೆ.

ಮತ್ತೆ ಪ್ರಶ್ನೆ ಕೇಳಿದವರು:

ಸರ್, ಮೆಸೇಜ್ ಹಾಕಿದೆವು. ಎರಡನೇ ದಿನ ಕಂಟ್ರಾಕ್ಟರೇ ಫೋನ್ ಮಾಡಿದರು, ಭಾನುವಾರ ಬಂದು ನೋಡುತ್ತಾರಂತೆ. ಆ ಫೋಟೋ ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ.

ಉತ್ತರ:

ಒಳ್ಳೆಯದಾಯಿತು. ಅವರೇ ಮಾಡಿಕೊಡುತ್ತೇನೆ ಅಂದರೂ ಕೋಟಿಂಗ್ ಆದ ದಿನ ಹೇಳಿ, ನೀರು ನಿಲ್ಲಿಸುವ ಮೊದಲು ಮೂಲೆಗಳ ಫೋಟೋ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.